ಸೆಂಟ್ರಿಫ್ಯೂಗಲ್ ಕಂಪ್ರೆಸರ್‌ನಲ್ಲಿ ಸರ್ಜ್ ತಡೆಯುವುದು: ಅಧ್ಯಯನ ಟಿಪ್ಪಣಿ

ಕಂಪ್ರೆಸರ್ ಓಡುತ್ತಿರುವಾಗ ಹರಿವು ಇಳಿಯುತ್ತ ಬಂದರೆ ಒಂದು ಹಂತದಲ್ಲಿ ಇಂಪೆಲ್ಲರ್ (ಅನಿಲವನ್ನು ತಳ್ಳುವ ತಿರುಗುಚಕ್ರ) ಕೊಡಬಲ್ಲ ಒತ್ತಡಕ್ಕಿಂತ ಡಿಸ್ಚಾರ್ಜ್ (ಅನಿಲ ಹೊರಹೋಗುವ) ಪೈಪಿನಲ್ಲಿ ತುಂಬಿಕೊಂಡ ಅನಿಲದ ಒತ್ತಡವೇ ಹೆಚ್ಚಾಗುತ್ತದೆ. ಆಗ ಅನಿಲ ಹಿಂದಕ್ಕೆ ನುಗ್ಗುತ್ತದೆ. ಪೈಪಿನ ಒತ್ತಡ ಇಳಿದ ಕೂಡಲೇ ಮತ್ತೆ ಮುಂದಕ್ಕೆ ಹರಿಯುತ್ತದೆ, ಒತ್ತಡ ಏರುತ್ತದೆ, ಮತ್ತೆ ಹಿಂದಕ್ಕೆ. ಇದೇ ಸರ್ಜ್. ಒಂದು ಸುತ್ತು ಪೂರ್ತಿಯಾಗಲು ಸಾಮಾನ್ಯವಾಗಿ 0.5ರಿಂದ 3 ಸೆಕೆಂಡು ಹಿಡಿಯಬಹುದು, ಆದರೆ ಹರಿವು ಕುಸಿಯುವುದು ಸುಮಾರು 0.05 ಸೆಕೆಂಡಿನಲ್ಲಿ. ಆಪರೇಟರ್ ಕೈ ಹಾಕುವಷ್ಟರಲ್ಲಿ ಮುಗಿದುಹೋಗಿರುತ್ತದೆ.

ಪ್ರತಿ ಹೊಡೆತಕ್ಕೂ ರೋಟರ್ ಮೇಲಿನ ಅಕ್ಷೀಯ ಬಲ ದಿಕ್ಕು ಬದಲಿಸುವುದರಿಂದ ಆ ಬಲ ಹೊರುವ ಥ್ರಸ್ಟ್ ಬೇರಿಂಗ್‌ಗೆ ಪೆಟ್ಟು ಬೀಳುತ್ತದೆ, ಅನಿಲ ಸೋರದಂತೆ ತಡೆಯುವ ಲ್ಯಾಬಿರಿಂತ್ ಸೀಲ್ ಉಜ್ಜುತ್ತದೆ. ಬಿಸಿಯಾದ ಅನಿಲವೇ ಮತ್ತೆ ಒಳಗೆ ಬರುವುದರಿಂದ ಉಷ್ಣತೆ ಬೇಗ ಏರುತ್ತದೆ.

ಪರಿಹಾರ ತತ್ವದಲ್ಲಿ ಸುಲಭ: ಡಿಸ್ಚಾರ್ಜ್‌ನಿಂದ ಸಕ್ಷನ್‌ಗೆ (ಅನಿಲ ಒಳಬರುವ ಬದಿಗೆ) ಒಂದು ರೀಸೈಕಲ್ ವಾಲ್ವ್ ಇಟ್ಟು, ಹರಿವು ಸಾಲದಿದ್ದಾಗ ಅದನ್ನು ತೆರೆಯುವುದು. ಯಾವಾಗ ತೆರೆಯಬೇಕು ಎನ್ನುವುದೇ ಲೆಕ್ಕ. ಹರಿವು–ಒತ್ತಡದ ನಕ್ಷೆಯಲ್ಲಿ ಸರ್ಜ್ ಶುರುವಾಗುವ ಬಿಂದುಗಳನ್ನು ಸೇರಿಸುವ ಸರ್ಜ್ ರೇಖೆಯ ಬಲಕ್ಕೆ ಸುಮಾರು 10% ಹರಿವಿನ ಅಂತರ ಬಿಟ್ಟು ನಿಯಂತ್ರಣ ರೇಖೆ (ವಾಲ್ವ್ ತೆರೆಯಲು ಶುರುಮಾಡುವ ಮಿತಿ) ಎಳೆಯುವುದು ರೂಢಿ. ಇಲ್ಲಿ ಅನೇಕರು ಎಡವುತ್ತಾರೆ. ಹರಿವು ಅಳೆಯಲು ಪೈಪಿನಲ್ಲಿಡುವ ತೂತಿನ ತಟ್ಟೆಯ (ಆರಿಫಿಸ್) ಎರಡು ಬದಿಯ ಒತ್ತಡ ವ್ಯತ್ಯಾಸ ಹರಿವಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ; ಹಾಗಾಗಿ 10% ಹರಿವು ಎಂದರೆ ಒತ್ತಡ ವ್ಯತ್ಯಾಸದಲ್ಲಿ 21% (1.1 × 1.1 = 1.21). ಸರ್ಜ್ ಆಗುವುದು 40 ಮಿಲಿಬಾರ್‌ನಲ್ಲಿ ಎಂದಾದರೆ ನಿಯಂತ್ರಣ ಬಿಂದು 48.4, 44 ಅಲ್ಲ.

ಬರಿಯ ಹರಿವಿಗೆ ಸೆಟ್‌ಪಾಯಿಂಟ್ ಕೊಟ್ಟರೂ ಸಾಲದು. ಸಕ್ಷನ್ ಒತ್ತಡ, ಉಷ್ಣತೆ, ಅನಿಲದ ಅಣುತೂಕ ಬದಲಾದರೆ ಸರ್ಜ್ ರೇಖೆಯೂ ಜರುಗುತ್ತದೆ. ಆರಿಫಿಸ್ ವ್ಯತ್ಯಾಸವನ್ನು ಸಕ್ಷನ್ ಒತ್ತಡದಿಂದ ಭಾಗಿಸಿ, ಡಿಸ್ಚಾರ್ಜ್–ಸಕ್ಷನ್ ಒತ್ತಡದ ಅನುಪಾತದ ಎದುರು ಗುರುತಿಸಿದರೆ ರೇಖೆ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಒತ್ತಡಗಳು ಗೇಜ್ (ವಾತಾವರಣದ ಒತ್ತಡದಿಂದ ಎಣಿಸಿದ್ದು) ಅಲ್ಲ, ಅಬ್ಸಲ್ಯೂಟ್ (ಪೂರ್ಣ ನಿರ್ವಾತದಿಂದ ಎಣಿಸಿದ್ದು) ಆಗಿರಲಿ. ಸಕ್ಷನ್ ಬದಿಯಲ್ಲಿ ಅಳೆಯುವುದಾದರೆ ಆರಿಫಿಸ್ ಇರಬೇಕಾದ್ದು ರೀಸೈಕಲ್ ಬಂದು ಸೇರುವ ಜಾಗಕ್ಕೂ ಕಂಪ್ರೆಸರ್‌ಗೂ ನಡುವೆ. ಹೊರಗಿದ್ದರೆ ವಾಲ್ವ್ ಮೂಲಕ ಸುತ್ತಿ ಬರುವ ಅನಿಲ ಲೆಕ್ಕಕ್ಕೇ ಸಿಗುವುದಿಲ್ಲ.

ನಿಜವಾದ ರಕ್ಷಣೆ ಇರುವುದು ವೇಗದಲ್ಲಿ. ಕಂಟ್ರೋಲರ್ ಎಷ್ಟೇ ಚೆನ್ನಾಗಿದ್ದರೂ ಟ್ರಾನ್ಸ್‌ಮಿಟರ್‌ನ ಡ್ಯಾಂಪಿಂಗ್ (ಅಳತೆಯ ಏರಿಳಿತವನ್ನು ನುಣುಪಾಗಿಸುವ ವಿಳಂಬ) 1 ಸೆಕೆಂಡಿಗೆ ಇದ್ದರೆ ಅದಕ್ಕೆ ಕುಸಿತ ಕಾಣುವುದೇ ತಡವಾಗಿ. ಟ್ರೆಂಡ್ ರೇಖೆ ನುಣುಪಾಗಿ ಕಾಣಲಿ ಎಂದು ಡ್ಯಾಂಪಿಂಗ್ ಏರಿಸುವವರು ಇದನ್ನು ಗಮನಿಸಬೇಕು. ಉದ್ದನೆಯ, ಅರ್ಧ ಕಟ್ಟಿಕೊಂಡ, ಒತ್ತಡವನ್ನು ಟ್ರಾನ್ಸ್‌ಮಿಟರ್‌ಗೆ ಒಯ್ಯುವ ಇಂಪಲ್ಸ್ ಲೈನ್‌ನಿಂದಲೂ ಇದೇ ತೊಂದರೆ.

ವಾಲ್ವ್ ಪೂರ್ತಿ ತೆರೆಯಲು ಗಾತ್ರಕ್ಕೆ ತಕ್ಕಂತೆ 1ರಿಂದ 2 ಸೆಕೆಂಡಿನೊಳಗಿರಬೇಕು. ಅದಕ್ಕೆ ಪೊಸಿಷನರ್ (ಸಿಗ್ನಲ್‌ಗೆ ತಕ್ಕಂತೆ ವಾಲ್ವ್ ನಿಲ್ಲಿಸುವ ಸಾಧನ) ಜೊತೆ, ಗಾಳಿಯ ಹರಿವು ಹೆಚ್ಚಿಸುವ ವಾಲ್ಯೂಮ್ ಬೂಸ್ಟರ್ ಬೇಕಾಗುತ್ತದೆ. ಮುಚ್ಚುವುದು ಮಾತ್ರ ನಿಧಾನವಾಗಿ, ಇಲ್ಲದಿದ್ದರೆ ತೆರೆದ ಹಿಂದೆಯೇ ಮುಚ್ಚಿ ಮತ್ತೆ ಸರ್ಜ್‌ಗೆ ತಳ್ಳುತ್ತದೆ. ವಾಲ್ವ್ ನಡೆಸುವ ಗಾಳಿ ತಪ್ಪಿದರೆ ತೆರೆದುಕೊಳ್ಳುವ ಬಗೆಯ ವಾಲ್ವ್ ಆಗಿರಬೇಕು. ಮೆಷಿನ್ ಟ್ರಿಪ್ ಆದ (ತಾನಾಗಿ ನಿಂತ) ಕ್ಷಣವೇ ಸೊಲೆನಾಯ್ಡ್ (ವಿದ್ಯುತ್ತಿನಿಂದ ನಡೆಯುವ ಚಿಕ್ಕ ವಾಲ್ವ್) ಅದರ ಗಾಳಿ ಬಿಡಬೇಕು, ಯಾಕೆಂದರೆ ವೇಗ ಇಳಿದಂತೆ ಒತ್ತಡ ಕೊಡುವ ಶಕ್ತಿ ಬೇಗ ಕುಗ್ಗುತ್ತದೆ. ಡಿಸ್ಚಾರ್ಜ್‌ನಿಂದ ಹಿಮ್ಮುಖ ಹರಿವು ತಡೆಯುವ ಚೆಕ್ ವಾಲ್ವ್‌ವರೆಗಿನ ಪೈಪು ಉದ್ದವಾದಷ್ಟೂ ವಾಲ್ವ್ ಖಾಲಿ ಮಾಡಬೇಕಾದ ಅನಿಲ ಹೆಚ್ಚು.

ಶಟ್‌ಡೌನ್ ಸಿಕ್ಕಾಗ 0ರಿಂದ 100ಕ್ಕೆ ಒಂದೇ ಏಟಿಗೆ ಸಿಗ್ನಲ್ ಕೊಟ್ಟು ವಾಲ್ವ್ ತೆರೆಯುವ ಸಮಯ ಅಳೆಯಿರಿ. ಬೂಸ್ಟರ್ ಮೂಲಕ ಗಾಳಿ ಹೊರಹೋಗುವ ದಾರಿ ಸಣ್ಣದಿದ್ದರೆ ಅಥವಾ ಕಟ್ಟಿಕೊಂಡಿದ್ದರೆ, ಸ್ಟೆಮ್ (ವಾಲ್ವಿನ ಕಡ್ಡಿ) ತೆವಳುವುದು ಕಣ್ಣಿಗೇ ಕಾಣುತ್ತದೆ.