ನೆಲ ಮೊದಲು, ಟ್ಯಾಂಕ್ ಆಮೇಲೆ: ಅಸಲ್ ಉತ್ತರ್ ಡಯೊರಾಮಕ್ಕೆ ಲೇಔಟ್ ಮತ್ತು ಬೇಸ್ ಟಿಪ್ಪಣಿ

ಮಿಲಿಟರಿ ಡಯೊರಾಮ, ಅಂದರೆ ಯುದ್ಧದ ದೃಶ್ಯವನ್ನು ಚಿಕ್ಕ ಮಾಡೆಲ್‌ಗಳಲ್ಲಿ ಕಟ್ಟುವುದನ್ನು ಕಲಿಯುವವರು ಸಾಮಾನ್ಯವಾಗಿ ಟ್ಯಾಂಕಿನಿಂದಲೇ ಶುರು ಮಾಡುತ್ತಾರೆ. ಕಿಟ್ ಜೋಡಿಸಿ, ಬಣ್ಣ ಹಚ್ಚಿ, ಆಮೇಲೆ ಇದನ್ನು ಎಲ್ಲಿಡೋದು ಅಂತ ಒಂದು ಹಲಗೆ ಹುಡುಕುತ್ತಾರೆ. ಹಲಗೆ ಮೇಲೆ ಒಂದಿಷ್ಟು ಮಣ್ಣು, ಎರಡು ಪೊದೆ, ಮೂರು ಸೈನಿಕರು. ಮುಗೀತು. ಹೀಗೆ ಮಾಡಿದ ಬೇಸ್ ಟ್ಯಾಂಕಿಗೆ ಪೀಠ ಆಗುತ್ತದೆ, ಜಾಗ ಆಗುವುದಿಲ್ಲ. ಈ ಟಿಪ್ಪಣಿಯಲ್ಲಿ ಕ್ರಮ ತಿರುಗಿಸಿದ್ದೇನೆ. ನೆಲ ಏನು ಕೇಳುತ್ತದೋ ಅದರಿಂದ ಬೇಸಿನ ಅಳತೆ, ದಪ್ಪ, ಟ್ಯಾಂಕಿನ ಕೋನ ಎಲ್ಲವನ್ನೂ ಲೆಕ್ಕ ಹಾಕೋಣ.

ಉದಾಹರಣೆಗೆ ತೆಗೆದುಕೊಂಡಿರುವುದು 1965ರ ಸೆಪ್ಟೆಂಬರ್ 8ರಿಂದ 10ರವರೆಗೆ ಪಂಜಾಬಿನ ಖೇಮಕರಣ್ ಹತ್ತಿರ ನಡೆದ ಅಸಲ್ ಉತ್ತರ್ ಕದನ. ಪಾಕಿಸ್ತಾನದ ಕಡೆ ಅಮೆರಿಕದ ಪ್ಯಾಟನ್ ಟ್ಯಾಂಕುಗಳು, ಎಂ47 ಮತ್ತು ಎಂ48 ಎರಡೂ. ನಮ್ಮ ಕಡೆ ಸೆಂಚೂರಿಯನ್, ಹಳೆಯ ಶರ್ಮನ್, ಹಗುರ ಎಎಂಎಕ್ಸ್-13, ಜೊತೆಗೆ ಜೀಪಿನ ಮೇಲೆ ಕೂರಿಸಿದ, ಹಾರಿಸಿದಾಗ ಹಿಂದಕ್ಕೆ ಒದೆಯದ ರೀಕಾಯಿಲ್‌ಲೆಸ್ ಗನ್ನುಗಳು. ಭಾರತದ 4ನೇ ಮೌಂಟನ್ ಡಿವಿಷನ್ ಕುದುರೆ ಲಾಳದ ಆಕಾರದಲ್ಲಿ ಸಜ್ಜಾಗಿ ನಿಂತಿತು. ಕಾಲುವೆ ಒಡೆದು ಹೊಲಗಳಿಗೆ ನೀರು ಬಿಟ್ಟರು. ಎದೆಯೆತ್ತರ ಮೀರಿದ ಕಬ್ಬಿನಲ್ಲಿ ನುಗ್ಗಿದ ಪ್ಯಾಟನ್‌ಗಳು ಕೆಸರಿನಲ್ಲಿ ನಿಧಾನವಾದವು, ಕೆಲವು ಹೂತೇ ಹೋದವು. ಇಲ್ಲಿ ಕಬ್ಬು, ನೀರು, ಕೆಸರು ಹಿನ್ನೆಲೆ ಚಿತ್ರವಲ್ಲ, ಯುದ್ಧದ ಅರ್ಧ ಕೆಲಸ ಅವೇ ಮಾಡಿದವು. ಲೇಔಟ್ ಕಲಿಯೋಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಮೊದಲು ಒಂದು ಕ್ಷಣ ಆರಿಸಿ

ಕದನ ಮೂರು ದಿನದ್ದು. ಬೇಸ್ ಮೇಲೆ ಹಿಡಿಯುವುದು ಮೂರು ಸೆಕೆಂಡ್ ಅಷ್ಟೇ. ಹೆಚ್ಚಿನವರಿಗೆ ಮೊದಲು ಹೊಳೆಯುವ ದೃಶ್ಯ ಯಾವುದು? ಒಂದು ಕಡೆ ಜೀಪಿನ ಗನ್ನಿನಿಂದ ಪ್ಯಾಟನ್‌ಗಳನ್ನು ಹೊಡೆದ ಸೈನಿಕ ಅಬ್ದುಲ್ ಹಮೀದ್ ಅವರ ಜೀಪು, ಇನ್ನೊಂದು ಕಡೆ ಉರಿಯುವ ಪ್ಯಾಟನ್, ಎರಡೂ ಒಂದೇ ಹಲಗೆ ಮೇಲೆ. ಈಗ ಲೆಕ್ಕ ಹಾಕಿ. ಜೀಪು ಮತ್ತು ಟ್ಯಾಂಕಿನ ನಡುವೆ ಬರೀ 200 ಮೀಟರ್ ಅಂತ ಇಟ್ಟುಕೊಂಡರೂ 1:35 ಸ್ಕೇಲಿನಲ್ಲಿ (ನಿಜದ ಅಳತೆಯ 35ರಲ್ಲಿ ಒಂದು ಪಾಲು) ಅದು 5.7 ಮೀಟರ್. ನಿಮ್ಮ ಹಾಲ್ ಸಾಲುವುದಿಲ್ಲ. 1:72ಕ್ಕೆ ಇಳಿದರೂ 2.8 ಮೀಟರ್. ಎರಡನ್ನೂ 30 ಸೆಂ.ಮೀ. ದೂರದಲ್ಲಿ ಇಟ್ಟರೆ ನಿಜದಲ್ಲಿ ಹತ್ತು ಮೀಟರ್ ಆಗುತ್ತದೆ. ಎದುರುಬದುರು ನಿಂತು ಜಗಳವಾಡುವ ಹಾಗೆ ಕಾಣುತ್ತದೆ, ಯುದ್ಧದ ಹಾಗೆ ಅಲ್ಲ. ಆದ್ದರಿಂದ ಎರಡರಲ್ಲಿ ಒಂದು ಮಾತ್ರ. ಇನ್ನೊಂದು ಬೇಸಿನ ಹೊರಗಿದೆ ಅಂತ ನೋಡುವವರಿಗೆ ಅನ್ನಿಸಬೇಕು. ಅದನ್ನು ಅನ್ನಿಸುವ ಹಾಗೆ ಮಾಡುವುದೇ ಲೇಔಟ್.

ಜೀಪು ಆರಿಸಿದರೆ ಚಿಕ್ಕ ಕೆಲಸ. 4 ಗ್ರೆನೇಡಿಯರ್ಸ್‌ನ ಹಮೀದ್ ಅವರಿಗೆ ಮರಣೋತ್ತರವಾಗಿ ಪರಮ ವೀರ ಚಕ್ರ ಕೊಟ್ಟಾಗಿನ ಉಲ್ಲೇಖದಲ್ಲಿ ಎರಡು ಸಂಗತಿ ನಮಗೆ ಉಪಯೋಗ: ಸೆಪ್ಟೆಂಬರ್ 10ರ ಬೆಳಿಗ್ಗೆ 8 ಗಂಟೆಗೆ ಚೀಮಾ ಗ್ರಾಮದ ಮುಂದೆ ದಾಳಿ ಶುರುವಾಯಿತು, ಮತ್ತು ಅವರು ಜೀಪನ್ನು ಪಕ್ಕಕ್ಕೆ, ಅಂದರೆ ಶತ್ರುವಿನ ಮಗ್ಗುಲಿಗೆ ಒಯ್ದರು. ಹಾಗಾಗಿ ಬ್ಯಾರೆಲ್ ಬೇಸಿನ ಆಚೆಗೆ, ಓರೆಯಾಗಿ ನೋಡಬೇಕು. ಜೀಪು ಸುಮಾರು 3.3 ಮೀಟರ್, ಅದರ ಮೇಲಿನ ಎಂ40 ರೀಕಾಯಿಲ್‌ಲೆಸ್ ಗನ್ನು 3.4 ಮೀಟರ್. 1:35ರಲ್ಲಿ ಎರಡೂ 10 ಸೆಂ.ಮೀ. ಒಳಗೆ. ಗನ್ನು ಜೀಪಿನಷ್ಟೇ ಉದ್ದ ಅನ್ನುವುದೇ ಈ ದೃಶ್ಯದ ಸೊಗಸು, ಅದು ಕಾಣುವ ಹಾಗೆ ಮಗ್ಗುಲನ್ನು ನೋಡುವವರ ಕಡೆ ತಿರುಗಿಸಿ. ಇನ್ನೊಂದು ಮಾತು. ಈ ಗನ್ನು ಹಾರಿಸಿದಾಗ ಹಿಂದಿನಿಂದ ಬೆಂಕಿ, ಬಿಸಿ ಗಾಳಿ ರಭಸದಿಂದ ನುಗ್ಗುತ್ತದೆ. ಅದರ ನೇರ ಹಿಂದೆ ಮನುಷ್ಯ ನಿಲ್ಲುವ ಹಾಗೇ ಇಲ್ಲ. ಖಾಲಿ ಜಾಗ ತುಂಬಿಸಲು ಅಲ್ಲೊಬ್ಬ ಸೈನಿಕನನ್ನು ನಿಲ್ಲಿಸಿದರೆ, ತಿಳಿದವರು ಒಂದೇ ನೋಟಕ್ಕೆ ಹಿಡಿಯುತ್ತಾರೆ.

ನಾನು ವಿವರವಾಗಿ ಬಿಡಿಸುವುದು ಇನ್ನೊಂದನ್ನು: ಕಬ್ಬಿನೊಳಗೆ ಹೂತು, ಸಿಬ್ಬಂದಿ ಬಿಟ್ಟುಹೋದ ಒಂದೇ ಒಂದು ಪ್ಯಾಟನ್. ಹೆಣ ಬೇಕಿಲ್ಲ, ಬೆಂಕಿ ಬೇಕಿಲ್ಲ. ತೆರೆದ ಮುಚ್ಚಳ ಸಾಕು.

ಅಳತೆ ಕಾಗದದ ಮೇಲೆ

ಪ್ಯಾಟನ್ ಅಗಲ ಸುಮಾರು 3.6 ಮೀಟರ್. ಬ್ಯಾರೆಲ್ ಮುಂದಕ್ಕಿದ್ದಾಗ ಉದ್ದ 9 ಮೀಟರ್ ಹತ್ತಿರ, ಎತ್ತರ 3 ಮೀಟರ್ ಚಿಲ್ಲರೆ. 1:35ರಲ್ಲಿ ಅಗಲ 10.3, ಉದ್ದ 25.7, ಎತ್ತರ 9 ಸೆಂ.ಮೀ. (ಈ 35ರ ಲೆಕ್ಕಕ್ಕೆ ಯಾವ ದೊಡ್ಡ ಶಾಸ್ತ್ರವೂ ಇಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ಕಿಟ್ ಕಂಪನಿ ತಮಿಯಾದವರು ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡುವಾಗ ಒಳಗೆ ಮೋಟಾರು, ಬ್ಯಾಟರಿ ಹಿಡಿಸಬೇಕಿತ್ತು. ಅದಕ್ಕೆ ಹೊಂದಿದ ಗಾತ್ರವೇ ರೂಢಿಗೆ ಬಂತು.)

ಟ್ಯಾಂಕನ್ನು ಬೇಸಿನ ಅಂಚಿಗೆ ಸಮಾನಾಂತರವಾಗಿ ಇಡಬೇಡಿ. ಇದನ್ನು ಎಲ್ಲರೂ ಹೇಳುತ್ತಾರೆ, ಸರಿಯೂ ಹೌದು, ಸಮಾನಾಂತರ ಇಟ್ಟರೆ ಪಾರ್ಕಿಂಗ್ ಮಾಡಿದ ಹಾಗಿರುತ್ತದೆ. 20 ಡಿಗ್ರಿ ತಿರುಗಿಸಿದರೆ ಟ್ಯಾಂಕಿಗೇ ಸುಮಾರು 28 × 18.5 ಸೆಂ.ಮೀ. ಬೇಕು.

ಎಲ್ಲರೂ ಹೇಳುವ ಇನ್ನೊಂದು ನಿಯಮ ಇದೆ: ಗಾಡಿ ಹೋಗುವ ದಿಕ್ಕಿನಲ್ಲಿ ಜಾಸ್ತಿ ಜಾಗ ಬಿಡಿ ಅಂತ. ಇಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ಹೂತ ಟ್ಯಾಂಕಿನ ಕಥೆ ಅದರ ಹಿಂದೆ ಇದೆ. ಅದು ಕಬ್ಬನ್ನು ಮುರಿದುಕೊಂಡು ಬಂದ ದಾರಿ, ಚೈನು ಕೊರೆದ ಎರಡು ಜಾಡು, ಕೊನೆಕೊನೆಗೆ ಆಳವಾಗುತ್ತಾ ಬಂದ ಗುರುತು, ಇವೆಲ್ಲ ಹಿಂದಿನ ಜಾಗದಲ್ಲೇ ಬರಬೇಕು. ಮುಂದಕ್ಕೆ ಹೋಗಲು ಆಗಲಿಲ್ಲ ಅಂದಮೇಲೆ ಮುಂದೆ ಜಾಗ ಯಾಕೆ? ಬ್ಯಾರೆಲ್ ತುದಿ ಬೇಸಿನ ಅಂಚಿನ ಹತ್ತಿರಕ್ಕೇ ಬರಲಿ. ಹಿಂದೆ 12 ಸೆಂ.ಮೀ. ಬಿಟ್ಟರೆ ಒಟ್ಟು 40 × 25 ಸೆಂ.ಮೀ. ಆಯಿತು. ನಮ್ಮ ಬೇಸ್ ಅಳತೆ ಇದೇ.

ಈಗ ಕಬ್ಬು. ಸೆಪ್ಟೆಂಬರ್ ಹೊತ್ತಿಗೆ ಕಬ್ಬು ಚೆನ್ನಾಗಿ ಬೆಳೆದಿರುತ್ತದೆ. ಎರಡೂವರೆ ಮೀಟರ್ ಅಂದುಕೊಂಡರೆ ಮಾಡೆಲ್‌ನಲ್ಲಿ 7 ಸೆಂ.ಮೀ. ಟ್ಯಾಂಕಿನ ಎತ್ತರ 9. ಅಂದರೆ ಸುತ್ತಲೂ ಕಬ್ಬು ನೆಟ್ಟರೆ ಟರೆಟ್ (ಬ್ಯಾರೆಲ್ ಕೂತಿರುವ, ತಿರುಗುವ ಮೇಲ್ಭಾಗ) ತಲೆ ಮಾತ್ರ ಕಾಣುತ್ತದೆ. ಅಷ್ಟು ಕಷ್ಟಪಟ್ಟು ಮಾಡಿದ ಚೈನು, ಚಕ್ರ ಎಲ್ಲ ಮಾಯ! ಇದಕ್ಕೆ ಉಪಾಯ, ನೋಡುವವರ ಕಡೆ ಗದ್ದೆಯ ಅಂಚು ಇಡುವುದು. ಮುಂದೆ ಒಂದು ಬದು, ಬದುವಿನ ಒಳಗೆ ನೀರು, ಮಲಗಿದ ಕಬ್ಬು, ಟ್ಯಾಂಕು. ನಿಂತ ಕಬ್ಬೆಲ್ಲ ಅದರ ಬೆನ್ನಿಗೆ. ಹಿನ್ನೆಲೆಗೆ ಬೇರೆ ಗೋಡೆ, ಚಿತ್ರ ಬೇಕಾಗುವುದಿಲ್ಲ, ಕಬ್ಬೇ ಗೋಡೆ.

ಎಷ್ಟು ಕಬ್ಬು ಬೇಕು ಅಂತ ಮೊದಲೇ ಎಣಿಸಿ. ಸಾಲಿನಿಂದ ಸಾಲಿಗೆ 80 ಸೆಂ.ಮೀ. ಅಂತ ಇಟ್ಟರೆ ಮಾಡೆಲ್‌ನಲ್ಲಿ 2.3 ಸೆಂ.ಮೀ. ಹಿಂದೆ 20 × 10 ಸೆಂ.ಮೀ. ಪಟ್ಟಿಗೆ ನಾಲ್ಕು ಸಾಲು, ಸಾಲಿಗೆ 16 ಬುಡ, ಬುಡಕ್ಕೆ ನಾಲ್ಕು ಜಲ್ಲೆ. 256 ಆಯಿತು, ಪ್ರತಿಯೊಂದಕ್ಕೂ ಆರೇಳು ಎಲೆ. ಇದನ್ನು ಓದಿ ಗಾಬರಿಯಾದರೆ ಒಳ್ಳೆಯದೇ, ಪ್ಲಾನ್ ಮಾಡುವುದು ಅದಕ್ಕೇ. ಮುಂದಿನ ಎರಡು ಸಾಲು ಬುಡದಿಂದ ಸರಿಯಾಗಿ ಮಾಡಿ. ಹಿಂದಿನ ಎರಡಕ್ಕೆ ಮೇಲಿನ ಸುಳಿ, ಎಲೆ ಮಾತ್ರ ಸಾಕು. ಜಲ್ಲೆಗೆ ತೆಂಗಿನ ಪೊರಕೆ ಕಡ್ಡಿಯ ತೆಳು ತುದಿ ಸರಿಹೊಂದುತ್ತದೆ. ಲೆಕ್ಕದಲ್ಲಿ 0.8 ಮಿ.ಮೀ. ದಪ್ಪ ಬರಬೇಕು. ಎಲೆಗೆ ಬಣ್ಣ ಹಚ್ಚಿದ ತೆಳು ಕಾಗದ, ಮಿಲಿಮೀಟರಿಗಿಂತ ತುಸು ಅಗಲ. ಕೆಳಗಿನ ಎಲೆಗಳನ್ನು ಒಣಗಿದ ರವದಿ ಬಣ್ಣಕ್ಕೆ ತನ್ನಿ. ಪೂರ್ತಿ ಹಸಿರು ಕಬ್ಬು ಅಂಗಡಿ ಹುಲ್ಲಿನ ಹಾಗೆ ಕಾಣುತ್ತದೆ. ಟ್ಯಾಂಕು ಬಂದ ದಾರಿ 10 ಸೆಂ.ಮೀ. ಅಗಲ. ಅಲ್ಲಿನ ಕಬ್ಬು ಟ್ಯಾಂಕು ಹೋದ ದಿಕ್ಕಿಗೇ ಮಲಗಿರಬೇಕು. ಅಡ್ಡಾದಿಡ್ಡಿ ಬಿದ್ದಿದ್ದರೆ ಗಾಳಿಗೆ ಬಿದ್ದ ಬೆಳೆ ಅಂತ ಅರ್ಥ.

ಮಂಡ್ಯ, ಬೆಳಗಾವಿ ಕಡೆಯವರಿಗೆ ಕಬ್ಬು ಗೊತ್ತು, ಹೇಳಿಕೊಡಬೇಕಿಲ್ಲ. ಆದರೆ ಅಭ್ಯಾಸಬಲದಲ್ಲಿ ಬದುವಿನ ಮೇಲೆ ತೆಂಗಿನ ಮರ ನೆಡಬೇಡಿ, ಮಣ್ಣಿಗೆ ಕೆಂಪು ಬಣ್ಣ ಕೊಡಬೇಡಿ. ಅದು ಪಂಜಾಬು, ನದಿ ತಂದು ಹಾಕಿದ ಮೆಕ್ಕಲು ಮಣ್ಣು. ಒಣಗಿದಾಗ ಬೂದು ಬೆರೆತ ತಿಳಿ ಕಂದು, ಒದ್ದೆಯಾದಾಗ ಗಾಢ ಕಂದು. ನೆಲ ಚಪ್ಪಟೆ, ಬಂಡೆಗಲ್ಲು ಇಲ್ಲ. ಮರ ಬೇಕೇ ಬೇಕು ಅಂದರೆ ಜಾಲಿ ಅಥವಾ ಬೀಟೆ ಜಾತಿಯ ಶೀಷಮ್, ಅದೂ ಒಂದು.

ಇಷ್ಟಾದ ಮೇಲೆ 40 × 25ರ ರಟ್ಟು ಕತ್ತರಿಸಿ. ಟ್ಯಾಂಕಿನ ಜಾಗಕ್ಕೆ ಅದೇ ಅಳತೆಯ ಡಬ್ಬ, ಕಬ್ಬಿಗೆ 7 ಸೆಂ.ಮೀ. ಎತ್ತರದ ರಟ್ಟಿನ ಪಟ್ಟಿ. ಮೇಜಿನ ಮೇಲಿಟ್ಟು ಮೊಬೈಲನ್ನು ಬೇಸಿನ ಮಟ್ಟಕ್ಕೆ ಇಳಿಸಿ ಫೋಟೊ ತೆಗೆಯಿರಿ. ಮೇಲಿಂದ ಚೆನ್ನಾಗಿ ಕಂಡ ಲೇಔಟ್ ಕಣ್ಣಳತೆಗೆ ಬಂದಾಗ ಕೆಟ್ಟಿರುವುದು ಮಾಮೂಲು. ಫೋಟೊವನ್ನು ಕಪ್ಪುಬಿಳುಪು ಮಾಡಿ ನೋಡಿ. ಟ್ಯಾಂಕು ಕಬ್ಬಿನಲ್ಲಿ ಕರಗಿ ಹೋಗುತ್ತಿದ್ದರೆ, ನಡುವೆ ನೀರಿನ ತಿಳಿ ಪಟ್ಟಿಯೊಂದು ಬರುವ ಹಾಗೆ ಸರಿಸಿ. ಒಂದೆರಡು ದಿನ ಹಾಗೇ ಬಿಡಿ. ಬದಲಾಯಿಸಬೇಕು ಅನ್ನಿಸುವುದೆಲ್ಲ ಈಗಲೇ ಅನ್ನಿಸಲಿ.

ಬೇಸ್ ಎಷ್ಟು ದಪ್ಪ?

ಟ್ಯಾಂಕಿನ ತೂಕ ಸುಮಾರು 45 ಟನ್. ಕೆಸರಿನಲ್ಲಿ 40 ಸೆಂ.ಮೀ. ಇಳಿದಿದೆ ಅಂದರೆ ಮಾಡೆಲ್‌ನಲ್ಲಿ 1.1 ಸೆಂ.ಮೀ. ನೆಲ ಕಟ್ಟಿ ಮುಗಿಸಿ ಅದರ ಮೇಲೆ ಟ್ಯಾಂಕ್ ಇಟ್ಟರೆ ಅದು ತೇಲುತ್ತದೆ, ಚೈನಿನ ಅಡಿ ಬೆಳಕು ಕಾಣುತ್ತದೆ. ಹಾಗಾಗಿ ಹಲಗೆಯ ಮೇಲೆ ಕನಿಷ್ಠ 2 ಸೆಂ.ಮೀ. ಪದರ ಬೇಕು.

ಅಡಿಗೆ 12 ಮಿ.ಮೀ. ಪ್ಲೈವುಡ್. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅಗ್ಗ, ಆದರೆ ನೀರು ಕುಡಿದರೆ ಉಬ್ಬುತ್ತದೆ. ಬಳಸುವುದಾದರೆ ಎಲ್ಲ ಬದಿಗೂ ವಾರ್ನಿಷ್ ಹೊಡೆಯಿರಿ. ಪ್ಲೈವುಡ್ಡಿಗೂ ಎರಡೂ ಮುಖಕ್ಕೆ ಹಚ್ಚಿ. ಒಂದೇ ಮುಖಕ್ಕೆ ಹಚ್ಚಿ ಇನ್ನೊಂದರ ಮೇಲೆ ಒದ್ದೆ ಮಣ್ಣು ಕೂರಿಸಿದರೆ ಒಣಗುವಾಗ ಹಲಗೆ ಬಾಗುತ್ತದೆ. ಅದರ ಮೇಲೆ ಒಂದು ಪದರ ಗಟ್ಟಿ ಫೋಮ್ ಶೀಟ್. ಥರ್ಮಾಕೋಲ್ ಆದರೂ ನಡೆಯುತ್ತದೆ, ಕತ್ತರಿಸುವಾಗ ಕಾಳು ಉದುರುತ್ತದೆ ಅಷ್ಟೇ. ಎರಡಕ್ಕೂ ಫೆವಿಕಾಲ್ ಥರದ ಬಿಳಿ ಅಂಟೇ ಹಾಕಿ. ಸ್ಪ್ರೇ ಪೇಂಟ್, ರಬ್ಬರ್ ಅಂಟು ಬಿದ್ದರೆ ಕರಗಿ ಗುಂಡಿ ಬೀಳುತ್ತದೆ.

ಟ್ಯಾಂಕನ್ನು ಅಡಿಯಿಂದ ಸ್ಕ್ರೂ ಹಾಕಿ ಹಿಡಿಸುವುದಾದರೆ ತೂತು ಈಗಲೇ ಕೊರೆಯಬೇಕು. ನೆಲ ಆದಮೇಲೆ ಕೊರೆಯಲು ಹೋದರೆ ಕಬ್ಬು ನಲುಗುತ್ತದೆ.

ಮೇಲಿನ ಕೆಸರಿಗೆ ವಾಲ್ ಪುಟ್ಟಿ, ಜರಡಿ ಹಿಡಿದ ನಯವಾದ ಮಣ್ಣು, ಫೆವಿಕಾಲ್, ಸ್ವಲ್ಪ ಮರದ ಹೊಟ್ಟು. ಹೊಟ್ಟು ಇಲ್ಲದೆ ಬರೀ ಪುಟ್ಟಿ ದಪ್ಪವಾಗಿ ಬಳಿದರೆ ಬಿರುಕು ಬಿಡುತ್ತದೆ. ಬಣ್ಣವನ್ನು ಇದರಲ್ಲೇ ಕಲಸಿ, ನಾಳೆ ಎಲ್ಲಾದರೂ ಚಕ್ಕೆ ಎದ್ದರೂ ಬಿಳಿ ಕಾಣುವುದಿಲ್ಲ. ಅಂಗಳದ ಮಣ್ಣಾದರೆ ಒಮ್ಮೆ ಹಳೆ ಬಾಣಲೆಯಲ್ಲಿ ಚೆನ್ನಾಗಿ ಹುರಿದುಕೊಳ್ಳಿ, ಬೂಷ್ಟು ಬರುವುದು ತಪ್ಪುತ್ತದೆ. ಮಿಶ್ರಣ ಹಸಿ ಇರುವಾಗಲೇ ಟ್ಯಾಂಕಿನ ಅಡಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಒತ್ತಿ. ಒಂದು ಕಡೆ ಸ್ವಲ್ಪ ಜಾಸ್ತಿ ಇಳಿಯಲಿ. ಹೂತ ಟ್ಯಾಂಕು ಮಟ್ಟಸವಾಗಿ ಕೂರುವುದು ಅಪರೂಪ. ಚೈನಿನ ಎರಡೂ ಬದಿಗೆ ಕೆಸರು ಉಬ್ಬಿ ಮೇಲೆ ಬಂದಿರಬೇಕು. ಇಳಿದ ಭಾರ ಮಣ್ಣನ್ನು ಎಲ್ಲಿಗಾದರೂ ತಳ್ಳಲೇಬೇಕು ಅಲ್ವಾ? ಈ ಉಬ್ಬು ಇಲ್ಲದ ಜಾಡು ಬಿಸ್ಕತ್ ಅಚ್ಚಿನ ಹಾಗೆ ಕಾಣುತ್ತದೆ.

ನೀರು ಕೊನೆಗೆ

40 × 25 ಬೇಸಿನ ಮೇಲೆಲ್ಲ ಒಂದೇ ಒಂದು ಮಿಲಿಮೀಟರ್ ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ಪಾರದರ್ಶಕ ದ್ರವ) ಹಾಕಲು 100 ಮಿ.ಲೀ. ಬೇಕು. ಐದು ಮಿಲಿಮೀಟರಿಗೆ ಅರ್ಧ ಲೀಟರ್. ಇದು ಹೊಳೆಯಲ್ಲ, ಕಾಲುವೆ ಒಡೆದು ನುಗ್ಗಿದ ರಾಡಿ ನೀರು. ತಳ ಕಾಣುವುದೇ ಇಲ್ಲ. ಹಾಗಾಗಿ ತಳಕ್ಕೇ ಗಾಢ ಕಂದು ಬಳಿದು ಮೇಲೆ ಒಂದೆರಡು ಮಿಲಿಮೀಟರ್ ಮಾತ್ರ ಹಾಕಿ, ರೆಸಿನ್‌ಗೂ ಚೂರು ಕಂದು ಬಣ್ಣ ಬೆರೆಸಿ. ಗುಂಡಿಗಳಲ್ಲಿ ಮಾತ್ರ ನೀರು ತೋರಿಸುವುದಾದರೆ ಹೊಳಪು ವಾರ್ನಿಷ್ ನಾಲ್ಕೈದು ಕೋಟ್ ಸಾಕು.

ಒಂದೇ ಗದ್ದೆಯ ನೀರು ಎಲ್ಲ ಕಡೆ ಒಂದೇ ಮಟ್ಟದಲ್ಲಿರಬೇಕು. ಜಾಡಿನಲ್ಲಿ ಎತ್ತರ, ಪಕ್ಕದಲ್ಲಿ ತಗ್ಗು ಆಗುವುದಿಲ್ಲ. ಮಟ್ಟ ಬದಲಾಗಬೇಕಾದರೆ ನಡುವೆ ಬದು ಬರಬೇಕು. ಬದು ಎಲ್ಲಿ ಅನ್ನುವುದು ಅಂದಕ್ಕಿಂತ ಹೆಚ್ಚಾಗಿ ನೀರಿನ ಲೆಕ್ಕ. ರೆಸಿನ್ ಹಾಕುವ ಮೊದಲು ಸ್ಪಿರಿಟ್ ಲೆವೆಲ್ ಇಟ್ಟು ಮೇಜು ನೋಡಿಕೊಳ್ಳಿ. ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿ ಸಂದುಗಳನ್ನು ಮುಚ್ಚಿ, ಸೂಜಿಯಷ್ಟು ದಾರಿ ಸಿಕ್ಕರೂ ರಾತ್ರಿಯಿಡೀ ಸೋರುತ್ತದೆ. ಮಳೆಗಾಲದಲ್ಲಿ ಎಪಾಕ್ಸಿ ರೆಸಿನ್ ಮೇಲೆ ಮಂಜು ಮುಸುಕಿದಂಥ ಜಿಗುಟು ಪದರ ಬರಬಹುದು. ಆಗುವುದಾದರೆ ಒಣ ಹವೆಯ ದಿನ ಆರಿಸಿ.

ಫೋಟೊ ನೋಡುವಾಗ

ಕದನದ ನಂತರ ವಶಪಡಿಸಿಕೊಂಡ ಟ್ಯಾಂಕುಗಳನ್ನು ಒಂದೆಡೆ ಸಾಲಾಗಿ ನಿಲ್ಲಿಸಿದ್ದರು, ಆ ಜಾಗಕ್ಕೆ ‘ಪ್ಯಾಟನ್ ನಗರ’ ಅಂತಲೇ ಹೆಸರಾಯಿತು. ಸಿಗುವ ಫೋಟೊಗಳಲ್ಲಿ ಬಹಳಷ್ಟು ಅಲ್ಲಿನವು. ಟ್ಯಾಂಕಿನ ವಿವರಕ್ಕೆ, ಹಾನಿಯ ಗುರುತಿಗೆ ಅವು ಚಿನ್ನ. ನೆಲಕ್ಕೆ ಮಾತ್ರ ನಂಬಬೇಡಿ. ಅವು ಎಳೆದು ತಂದು ಒಣ ನೆಲದ ಮೇಲೆ ನಿಲ್ಲಿಸಿದ ಗಾಡಿಗಳು, ಕೆಸರು ಒಣಗಿ ಉದುರಿದೆ. ಉತ್ತರ ಕರ್ನಾಟಕದವರಿಗೆ ಮಹಾರಾಷ್ಟ್ರದ ಅಹಮದ್‌ನಗರದಲ್ಲಿ (ಈಗಿನ ಹೆಸರು ಅಹಿಲ್ಯಾನಗರ) ಇರುವ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ತೀರಾ ದೂರವಲ್ಲ. ಅಲ್ಲಿ ಪ್ಯಾಟನ್ ಪಕ್ಕ ನಿಂತರೆ ಅದರ ಎತ್ತರ ಏನು ಅಂತ ಮೈಗೇ ತಿಳಿಯುತ್ತದೆ. ಕಿಟ್ ಕೊಳ್ಳುವಾಗ ಎಂ48ಎ3 ಅಂತ ಇದ್ದರೆ ಯೋಚಿಸಿ, ಅದು ವಿಯೆಟ್ನಾಂನಲ್ಲಿ ಅಮೆರಿಕನ್ನರು ಬಳಸಿದ ಡೀಸೆಲ್ ಮಾದರಿ. 1965ರ ಖೇಮಕರಣ್‌ಗೆ ಎಂ47 ಅಥವಾ ಮೊದಲಿನ ಎಂ48 ಸರಿ.

ಕವರ್ ಅಳತೆಯನ್ನೂ ಪ್ಲಾನಿನಲ್ಲೇ ಬರೆದಿಡಿ. ಕಾಗದದ ಎಲೆ ಮೇಲೆ ಕೂತ ಧೂಳನ್ನು ಒರೆಸಲು ಬರುವುದಿಲ್ಲ, ಅಕ್ರಿಲಿಕ್ ಡಬ್ಬ ಬೇಕೇ ಬೇಕು. ಹಲಗೆ, ಫೋಮ್, ಕೆಸರು ಸೇರಿ ಮೂರೂವರೆ ಸೆಂ.ಮೀ., ಅದರ ಮೇಲೆ ಟ್ಯಾಂಕು, ಆಂಟೆನಾ ಇದ್ದರೆ ಅದೂ. ಒಳಗಿನ ಎತ್ತರ 18 ಸೆಂ.ಮೀ. ಇಟ್ಟರೆ ಉಸಿರಾಡಲು ಜಾಗ ಇರುತ್ತದೆ. ಹೆಸರು ಫಲಕಕ್ಕೆ ಮುಂದಿನ ಅಂಚಿನಲ್ಲಿ ಒಂದೂವರೆ ಸೆಂ.ಮೀ. ಪಟ್ಟಿ ಬಿಡಿ. ಊರು, ತಾರೀಖು ಸಾಕು: ಅಸಲ್ ಉತ್ತರ್, 10 ಸೆಪ್ಟೆಂಬರ್ 1965.