ಆಟಗಾರನಿಗೆ ಸಾಥ್ ಕೊಡುವ ಸಂಗೀತ

ಧಾರವಾಡದ ವಿದ್ಯಾರ್ಥಿಗಳ ಮುಂದೆ ವಿಡಿಯೋ ಗೇಮ್ ಸಂಗೀತದ ಬಗ್ಗೆ ಮಾತನಾಡುವಾಗಲೆಲ್ಲ ನಾನು ಒಂದು ಸಣ್ಣ ಪ್ರಯೋಗದಿಂದ ಆರಂಭಿಸುತ್ತೇನೆ. ಹುಡುಗಿಯೊಬ್ಬಳು ಕೈಯಲ್ಲಿ ದೀಪ ಹಿಡಿದು ಹಾಳುಗುಡಿಯ ಮೆಟ್ಟಿಲಿಳಿಯುವ 40 ಸೆಕೆಂಡಿನ ದೃಶ್ಯವನ್ನು ಮೂರು ಸಲ ತೋರಿಸುತ್ತೇನೆ. ಮೊದಲ ಸಲ ಗಾಳಿ ಮತ್ತು ಹೆಜ್ಜೆಯ ಸಪ್ಪಳ ಮಾತ್ರ ಕೇಳಿಸುತ್ತದೆ. ಎರಡನೆಯ ಸಲ ತಂಬೂರಿಯ ಮೇಲೆ ಮಾರವಾ ರಾಗದ ನಾಲ್ಕೈದು ಸ್ವರಗಳು. ಮೂರನೆಯ ಸಲ ಬಾನ್ಸುರಿಯ ಒಂದು ಹಗುರವಾದ ಧುನ್. ಪ್ರತಿ ಸಲವೂ ಮೆಟ್ಟಿಲ ಕೆಳಗೆ ಏನಿರಬಹುದೆಂದು ಕೇಳುತ್ತೇನೆ. ಮೊದಲ ಸಲ ಉತ್ತರಗಳು ಚೆಲ್ಲಾಪಿಲ್ಲಿಯಾಗಿರುತ್ತವೆ. ಎರಡನೆಯ ಸಲ ಹಿಂದಿನ ಸಾಲಿನಿಂದ ಯಾರಾದರೂ ಒಬ್ಬರು "ಯಾರೋ ಕಾಯಾಕತ್ತಾರ್ರೀ ಸರ್" ಎಂದೇ ಹೇಳುತ್ತಾರೆ. ಮೂರನೆಯ ಸಲ ಹೆಚ್ಚಿನವರಿಗೆ ಅಲ್ಲಿ ನಿಧಿ ಕಾಣುತ್ತದೆ. ಚಿತ್ರದಲ್ಲಿ ಕೂದಲೆಳೆಯಷ್ಟೂ ಬದಲಾವಣೆಯಾಗಿರುವುದಿಲ್ಲ.

ಮಾರವಾ ಯಾಕೆ ಈ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕೋಮಲ ರಿಷಭ, ತೀವ್ರ ಮಧ್ಯಮಗಳಿರುವ ಈ ರಾಗದಲ್ಲಿ ಪಂಚಮವೇ ಇಲ್ಲ. ರಾಗದ ನೆಲೆಸ್ವರವಾದ ಷಡ್ಜವಿದ್ದರೂ ಗಾಯಕರು ಅದನ್ನು ಬೇಕೆಂದೇ ದೂರವಿಟ್ಟು ರಿಷಭ, ಧೈವತ, ನಿಷಾದಗಳ ಸುತ್ತಲೇ ಸುಳಿದಾಡುತ್ತಾರೆ. ಕಿವಿ ಷಡ್ಜಕ್ಕಾಗಿ, ಅಂದರೆ ಮನೆಗೆ ಮರಳುವುದಕ್ಕಾಗಿ, ಕಾಯುತ್ತಲೇ ಇರುತ್ತದೆ. ಆ ಕಾಯುವಿಕೆಯೇ ಆತಂಕವಾಗುತ್ತದೆ. ಮಾರವಾ ಸೂರ್ಯಾಸ್ತದ ರಾಗವೆಂಬುದು ಟೋಕಿಯೋದಲ್ಲಿ ಕೂತು ಆಡುವವನಿಗೆ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅವನನ್ನು ಹಿಡಿಯುವುದು ಷಡ್ಜದ ಗೈರುಹಾಜರಿಯೇ ಹೊರತು ನಮ್ಮ ಸಮಯಸಿದ್ಧಾಂತವಲ್ಲ. ಸರಿಯಾದ ರಾಗವನ್ನು ಹಾಕಿಬಿಟ್ಟರೆ ರಸ ತಾನಾಗಿ ಬರುತ್ತದೆ ಎಂಬುದು ನಮ್ಮೂರಿನ ಸಂಗೀತಗಾರರ ಪ್ರೀತಿಯ ಭ್ರಮೆಗಳಲ್ಲೊಂದು. ಆಟಗಳಿಗೆ ಸಂಗೀತ ಬರೆಯುವ ಈ ಕೆಲಸಕ್ಕೆ ಬಂದ ಮೊದಲ ವರ್ಷಗಳಲ್ಲಿ ನನಗೂ ಅದಿತ್ತು.

ಭ್ರಮೆ ಹರಿದದ್ದು ಆಟಕ್ಕೂ ಸಿನಿಮಾಕ್ಕೂ ಇರುವ ಒಂದು ಮೂಲ ವ್ಯತ್ಯಾಸ ಅರ್ಥವಾದ ಮೇಲೆ. ಸಿನಿಮಾದಲ್ಲಿ ನಾಯಕ ಬಾಗಿಲು ತೆರೆಯುವುದು ಯಾವ ಸೆಕೆಂಡಿನಲ್ಲೆಂದು ಸಂಗೀತ ಸಂಯೋಜಕನಿಗೆ ಗೊತ್ತಿರುತ್ತದೆ. ಸಾಹಸದ ಆಟದಲ್ಲಿ ಕಾಲ ಆಟಗಾರನ ಕೈಯಲ್ಲಿದೆ. ಒಬ್ಬ ಓಡಿಹೋಗಿ ಬಾಗಿಲು ತೆರೆಯುತ್ತಾನೆ. ಇನ್ನೊಬ್ಬಳು ಗೋಡೆಯ ಮೇಲಿನ ಶಿಲ್ಪಗಳನ್ನು ನೋಡುತ್ತ ಹತ್ತು ನಿಮಿಷ ನಿಲ್ಲುತ್ತಾಳೆ. ಮತ್ತೊಬ್ಬ ಫೋನನ್ನು ಮಂಚದ ಮೇಲಿಟ್ಟು ಚಹಾ ಕುಡಿಯಲು ಹೋಗುತ್ತಾನೆ. ಈ ಮೂವರಿಗೂ ಒಂದೇ ಸಂಗೀತ ಹೊಂದಬೇಕು.

ನಮ್ಮ ಕಡೆಯ ಕಂಪನಿ ನಾಟಕಗಳನ್ನು ನೋಡಿದವರಿಗೆ ಈ ಸಮಸ್ಯೆಯೂ ಅದರ ಪರಿಹಾರವೂ ಹೊಸದಲ್ಲ. ರಂಗದ ಮುಂದೆ ಕಾಲಪೇಟಿಯ, ಅಂದರೆ ಕಾಲಿನಿಂದ ತಿದಿ ಒತ್ತುವ ಹಾರ್ಮೋನಿಯಂನ, ಹಿಂದೆ ಕೂತ ಪೇಟಿ ಮಾಸ್ತರರ ಕಣ್ಣು ಸದಾ ನಟನ ಮೇಲಿರುತ್ತಿತ್ತು. ನಟ ಮಾತು ಮರೆತು ತಡವರಿಸಿದರೆ ಅವರು ಸ್ವರವನ್ನು ಹಿಗ್ಗಿಸುತ್ತಿದ್ದರು, ಜನ ವನ್ಸ್ ಮೋರ್ ಎಂದು ಕೂಗಿದರೆ ಪಲ್ಲವಿಗೆ ಮರಳುತ್ತಿದ್ದರು, ಖಳನಾಯಕ ಪರದೆಯ ಮರೆಯಿಂದ ಕಾಲಿಟ್ಟ ಕ್ಷಣದಲ್ಲಿ ಖರ್ಜಕ್ಕೆ, ಅಂದರೆ ತೀರ ತಗ್ಗಿನ ಸ್ವರಕ್ಕೆ, ಇಳಿಯುತ್ತಿದ್ದರು. ಅವರದು ಹಾಡಲ್ಲ, ಸಾಥ್. ಆಟದ ಸಂಗೀತವೂ ಸಾಥೇ. ತೊಂದರೆಯೆಂದರೆ ಆಟಗಾರ ಆಡುವಾಗ ನಾನು ಅವನ ಪಕ್ಕದಲ್ಲಿರುವುದಿಲ್ಲ. ತಿಂಗಳುಗಳ ಹಿಂದೆಯೇ ಎಲ್ಲವನ್ನೂ ಬರೆದು, ನುಡಿಸಿ, ಕಂಪ್ಯೂಟರಿಗೆ ಒಪ್ಪಿಸಿರುತ್ತೇನೆ. ಆದ್ದರಿಂದ ನಮ್ಮ ಕೆಲಸದ ಅರ್ಧ ಭಾಗ ಸಂಗೀತ ಬರೆಯುವುದು. ಇನ್ನರ್ಧ, ಪೇಟಿ ಮಾಸ್ತರರ ತಲೆಯಲ್ಲಿದ್ದ ವಿವೇಚನೆಯನ್ನು ನಿಯಮಗಳಾಗಿ ಬರೆಯುವುದು.

ಈ ನಿಯಮಗಳ ಚರಿತ್ರೆ ಹಳೆಯದು. 1978ರ ಸ್ಪೇಸ್ ಇನ್ವೇಡರ್ಸ್ ಆಟದಲ್ಲಿ ಇಳಿಯುವ ನಾಲ್ಕೇ ಸ್ವರಗಳು ಸುತ್ತಿ ಸುತ್ತಿ ಬರುತ್ತಿದ್ದವು. ಶತ್ರುಗಳು ಹತ್ತಿರವಾದಂತೆ ಅವುಗಳ ಲಯ ಏರುತ್ತಿತ್ತು, ಅದರ ಜೊತೆಗೆ ಆಡುವವನ ಎದೆಬಡಿತವೂ. ಸಾಹಸದ ಆಟಗಳ ಮಟ್ಟಿಗೆ ದೊಡ್ಡ ತಿರುವು 1991ರ ಮಂಕಿ ಐಲ್ಯಾಂಡ್ 2. ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್‌ಕಾನೆಲ್ ರೂಪಿಸಿದ ಐಮ್ಯೂಸ್ ಎಂಬ ವ್ಯವಸ್ಥೆ ಅದರಲ್ಲಿ ಬಳಕೆಗೆ ಬಂತು. ಒಡೆದ ಹಡಗುಗಳಿಂದ ಕಟ್ಟಿದ ಊರೊಂದರಲ್ಲಿ ನಾಯಕ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದಂತೆ ಅದೇ ಮೂಲ ಧುನ್ ಬೇರೆ ಬೇರೆ ಬಣ್ಣ ತಾಳುತ್ತದೆ, ಮತ್ತು ಆ ಬದಲಾವಣೆ ಎಲ್ಲೂ ಕತ್ತರಿಸಿದಂತೆ ಕೇಳುವುದಿಲ್ಲ. ಇವತ್ತು ನಾವು ಎಫ್‌ಮಾಡ್, ವೈಸ್ ಎಂಬ ತಂತ್ರಾಂಶಗಳಲ್ಲಿ ಮಾಡುವುದು ಬಹುಮಟ್ಟಿಗೆ ಇದನ್ನೇ.

ಹೀಗೆ ಬದಲಾಯಿಸುವುದಕ್ಕೆ ಎರಡು ದಾರಿಗಳಿವೆ. ಒಂದು, ಪದರಗಳನ್ನು ಒಂದರ ಮೇಲೊಂದು ಸೇರಿಸುವುದು: ಆಟಗಾರ ಸುಮ್ಮನೆ ನಡೆಯುವಾಗ ತಂಬೂರಿ, ಅಪಾಯ ಸಮೀಪಿಸಿದಾಗ ಅದರ ಮೇಲೆ ಸಾರಂಗಿ, ಹೊಡೆದಾಟ ಶುರುವಾದಾಗ ತಬಲಾ. 1990ರ ಸೂಪರ್ ಮಾರಿಯೋ ವರ್ಲ್ಡ್‌ನಲ್ಲಿ ಮಾರಿಯೋ ತನ್ನ ಡೈನೋಸಾರ್ ಗೆಳೆಯ ಯೋಶಿಯ ಬೆನ್ನೇರಿದ ಕೂಡಲೇ ಅದೇ ಹಾಡಿಗೆ ಡೋಲಿನ ಪೆಟ್ಟುಗಳು ಸೇರಿಕೊಳ್ಳುತ್ತವೆ. 2010ರ ರೆಡ್ ಡೆಡ್ ರಿಡೆಂಪ್ಶನ್ ಆಟದ ಸಂಗೀತವನ್ನು ಎ ಮೈನರ್ ಎಂಬ ಒಂದೇ ಶ್ರುತಿಯಲ್ಲಿ, ನಿಮಿಷಕ್ಕೆ 130 ಪೆಟ್ಟುಗಳ ಒಂದೇ ಲಯದಲ್ಲಿ ರೆಕಾರ್ಡ್ ಮಾಡಿದರು; ಹಾಗಾಗಿ ಯಾವ ತುಣುಕನ್ನು ಯಾವುದರ ಮೇಲಿಟ್ಟರೂ ಬೆಸೆದುಕೊಳ್ಳುತ್ತದೆ. ಪಾಶ್ಚಾತ್ಯ ಸಂಯೋಜಕರಿಗೆ ಇದೊಂದು ಕಟ್ಟುಪಾಡು ಅನ್ನಿಸಬಹುದು. ಇಡೀ ರಾತ್ರಿಯ ಕಚೇರಿಯನ್ನು ಒಂದೇ ಷಡ್ಜದ ಮೇಲೆ ನಿಲ್ಲಿಸುವ ಹಿಂದುಸ್ತಾನಿಯವರಿಗೆ ಇದು ದಿನನಿತ್ಯದ ಸಂಗತಿ.

ಎರಡನೆಯ ದಾರಿ, ಒಂದು ತುಣುಕಿನಿಂದ ಇನ್ನೊಂದಕ್ಕೆ ದಾಟುವುದು. ಇಲ್ಲಿ ಎಲ್ಲ ಕಷ್ಟವೂ ಯಾವಾಗ ದಾಟಬೇಕು ಎಂಬುದರಲ್ಲಿದೆ. ಸಮ್‌ನ ಮೇಲೆ, ಅಂದರೆ ತಾಳದ ಆವರ್ತನ ಶುರುವಾಗುವ ಮೊದಲ ಪೆಟ್ಟಿನ ಮೇಲೆ, ದಾಟಿದರೆ ಕಿವಿಗೆ ಹಿತ, ಆದರೆ ಸಮ್ ಬರುವವರೆಗೆ ಆಟದೊಳಗಿನ ಹುಲಿ ಕಾಯುವುದಿಲ್ಲ. ನಿಮಿಷಕ್ಕೆ 120 ಮಾತ್ರೆಗಳ, ಅಂದರೆ ತಾಳದ ಎಣಿಕೆಗಳ, ಲಯದಲ್ಲಿ ತೀನತಾಲದ 16 ಮಾತ್ರೆಗಳ ಒಂದು ಆವರ್ತನಕ್ಕೆ 8 ಸೆಕೆಂಡು ಬೇಕು. ಹುಲಿ ಎಗರಿದ್ದು ಎರಡನೆಯ ಮಾತ್ರೆಯಲ್ಲಾದರೆ ಸಂಗೀತಕ್ಕೆ ವಿಷಯ ಗೊತ್ತಾಗುವುದು ಏಳು ಸೆಕೆಂಡಿನ ಮೇಲೆ, ಅಷ್ಟರಲ್ಲಿ ಆಟಗಾರ ಸತ್ತಿರುತ್ತಾನೆ. ನಾಲ್ಕು ಮಾತ್ರೆಗಳ ಪ್ರತಿ ವಿಭಾಗದಲ್ಲೂ ದಾಟಲು ಅನುಮತಿಸಿದರೆ ಕಾಯುವುದು ಹೆಚ್ಚೆಂದರೆ 2 ಸೆಕೆಂಡು. ಆ 2 ಸೆಕೆಂಡನ್ನೂ ಮುಚ್ಚಲು ಒಂದೇ ಒಂದು ಜೋರು ಪೆಟ್ಟನ್ನು ಲಯದ ಹಂಗಿಲ್ಲದೆ ತಕ್ಷಣ ಹಾಕುತ್ತೇವೆ. ಅದರ ಗುಂಗಿನ ಮರೆಯಲ್ಲಿ ಹೊಸ ತುಣುಕು ಒಳಗೆ ಬರುತ್ತದೆ. ಪ್ರತಿ ಮಾತ್ರೆಗೆ 4 ಸೆಕೆಂಡು ಹಿಡಿಯುವ ವಿಲಂಬಿತ ಏಕತಾಲವನ್ನು ಅಪಾಯವಿರುವ ಜಾಗದಲ್ಲಿ ನಾನು ಬಳಸುವುದೇ ಇಲ್ಲ, ಅದರ ಮೇಲೆ ಎಷ್ಟೇ ಮೋಹವಿದ್ದರೂ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಕೆಡುತ್ತದೆ. ಒಂದು ಆಟಕ್ಕೆ ನಾನು ಬರೆದ ನಿಯಮ ಸರಳವಾಗಿತ್ತು: ಶತ್ರು 20 ಮೀಟರಿನ ಒಳಗಿದ್ದರೆ ಯುದ್ಧದ ಡೊಳ್ಳು, ಹೊರಗಿದ್ದರೆ ಶಾಂತವಾದ ಧುನ್. ಅಕ್ಕನ ಮಗನಿಗೆ ಆಡಲು ಕೊಟ್ಟೆ. ಅವನು ಸರಿಯಾಗಿ ಆ ಗಡಿಯ ಮೇಲೆ ಹಿಂದೆ ಮುಂದೆ ಓಡಾಡತೊಡಗಿದ. ಡೊಳ್ಳು ಬಂತು, ಹೋಯಿತು, ಬಂತು, ಹೋಯಿತು, ಕರೆಂಟು ಬಂದು ಹೋದಂತೆ. "ಮಾಮಾ, ಇದಕ್ಕ ತಲಿ ಕೆಟ್ಟೈತೇನು?" ಎಂದು ಕೇಳಿದ. ಅಂದಿನಿಂದ ಒಳಬರುವ ಗಡಿಯನ್ನೂ ಹೊರಹೋಗುವ ಗಡಿಯನ್ನೂ ಬೇರೆ ಮಾಡುತ್ತೇನೆ: ಶತ್ರು 20 ಮೀಟರಿನೊಳಗೆ ಬಂದರೆ ಡೊಳ್ಳು ಶುರು, 35 ಮೀಟರು ದಾಟಿ 8 ಸೆಕೆಂಡು ಕಳೆದ ಮೇಲಷ್ಟೇ ಅದು ಇಳಿಯಬೇಕು. ಮನುಷ್ಯನ ಭಯವೂ ಹೀಗೆಯೇ ನಡೆಯುತ್ತದೆ. ಹಾವು ಕಂಡ ಕೂಡಲೇ ಬೆಚ್ಚುತ್ತೇವೆ, ಹಾವು ಹೋದ ಕೂಡಲೇ ನಿರಾಳವಾಗುವುದಿಲ್ಲ. ಇನ್ನೊಂದು ಅಪಾಯವನ್ನೂ ಅವನೇ ತೋರಿಸಿಕೊಟ್ಟ. ಡೊಳ್ಳು ನಿಂತಿತೆಂದರೆ ಎಲ್ಲ ಶತ್ರುಗಳೂ ಸತ್ತರು ಎಂದು ಅವನು ಅರ್ಥ ಮಾಡಿಕೊಂಡಿದ್ದ, ಕಣ್ಣಿಗಿಂತ ಕಿವಿಯನ್ನೇ ನಂಬಿ ನಡೆಯುತ್ತಿದ್ದ. ಸಂಗೀತ ಹೀಗೆ ಚಾಡಿ ಹೇಳುವುದು ಒಮ್ಮೊಮ್ಮೆ ಬೇಕಾಗುತ್ತದೆ, ಆದರೆ ಪ್ರತಿ ಸಲವೂ ಹೇಳಿದರೆ ಹಾಳುಗುಡಿಯಲ್ಲಿ ಹೆದರಿಕೆಗೆ ಜಾಗವೇ ಉಳಿಯುವುದಿಲ್ಲ.

ಆಟ ಮಾಡಿಸುವವರು ನನ್ನನ್ನು ಅತಿ ಹೆಚ್ಚು ಸಲ ಕೇಳಿರುವುದು ಗುನುಗುವಂಥ ಧುನ್ ಬೇಕೆಂದು. ಶೀರ್ಷಿಕೆಯ ಪರದೆಗೆ ಧಾರಾಳವಾಗಿ ಕೊಡುತ್ತೇನೆ. ಅಲೆದಾಡುವ ಕಾಡಿಗೆ ಕೊಡುವುದಿಲ್ಲ. ಎರಡು ನಿಮಿಷದ ತುಣುಕು ಸುತ್ತಿ ಬರುತ್ತಿದ್ದು, ಆಟಗಾರ ಒಂದು ಒಗಟಿನ ಮುಂದೆ 40 ನಿಮಿಷ ಸಿಕ್ಕಿಕೊಂಡರೆ ಅದನ್ನೇ 20 ಸಲ ಕೇಳುತ್ತಾನೆ. ನೆನಪಿನಲ್ಲಿ ಉಳಿಯುವ ಧುನ್ ಆರನೆಯ ಸಲಕ್ಕೇ ಕಾಟವಾಗುತ್ತದೆ, ಏಕೆಂದರೆ ಮುಂದಿನ ಸ್ವರ ಅವನಿಗೆ ಮೊದಲೇ ಗೊತ್ತು. 2017ರ ಜೆಲ್ಡಾ ಆಟವಾದ ಬ್ರೆತ್ ಆಫ್ ದಿ ವೈಲ್ಡ್ ಈ ಗಂಟನ್ನು ಬಿಚ್ಚಿದ ರೀತಿ ನನಗೆ ಬಹಳ ಇಷ್ಟ. ಹುಲ್ಲುಗಾವಲಿನಲ್ಲಿ ನಡೆಯುವಾಗ ಗಾಳಿ, ಹುಲ್ಲು, ಹೆಜ್ಜೆ. ಎಲ್ಲೋ ಒಮ್ಮೆ ಪಿಯಾನೋದ ಕೆಲವು ಸ್ವರಗಳು ಬಿದ್ದು, ಮುಗಿಯಿತೋ ಇಲ್ಲವೋ ಎನ್ನುವಂತೆ ಮೌನಕ್ಕೆ ಸರಿಯುತ್ತವೆ. ಬಿಡುವು ಎಷ್ಟು ಹೊತ್ತೆಂದು ಊಹಿಸಲಾಗದ ಕಾರಣ ಸಂಗೀತ ಹಳಸುವುದಿಲ್ಲ, ಬಯಲು ದೊಡ್ಡದಾಗಿ ಕಾಣುತ್ತದೆ. 2005ರ ಶ್ಯಾಡೋ ಆಫ್ ದಿ ಕೊಲೊಸಸ್ ಆಟದಲ್ಲೂ ಕುದುರೆಯ ಮೇಲಿನ ದೀರ್ಘ ಪಯಣ ಹೆಚ್ಚುಕಡಿಮೆ ಮೌನದಲ್ಲೇ ಸಾಗುತ್ತದೆ. ದೈತ್ಯ ಎದುರಾದಾಗಲೇ ಕೋ ಒಟಾನಿಯವರ ವಾದ್ಯವೃಂದ ಏಳುತ್ತದೆ. ಆ ಮೌನವಿಲ್ಲದಿದ್ದರೆ ದೈತ್ಯ ಅಷ್ಟು ಎತ್ತರವಾಗಿರುತ್ತಿರಲಿಲ್ಲ.

ಧುನ್ ನೆನಪಿನಲ್ಲಿ ಉಳಿಯಲೇಬೇಕಾದ ಆಟವೂ ಇದೆ. 1998ರ ಜೆಲ್ಡಾದಲ್ಲಿ, ಅಂದರೆ ಒಕಾರಿನಾ ಆಫ್ ಟೈಮ್‌ನಲ್ಲಿ, ಆಟಗಾರನೇ ಐದು ಗುಂಡಿಗಳ ಐದು ಸ್ವರಗಳಿಂದ ಕೊಳಲಿನಂಥ ವಾದ್ಯ ನುಡಿಸಬೇಕು; ಸರಿಯಾಗಿ ನುಡಿಸಿದರೆ ಬಾಗಿಲು ತೆರೆಯುತ್ತದೆ, ಹಗಲು ರಾತ್ರಿಯಾಗುತ್ತದೆ. ಕೋಜಿ ಕೊಂಡೊ ಅಷ್ಟು ಕಡಿಮೆ ಸ್ವರಗಳಲ್ಲಿ ಅಷ್ಟು ಬೇರೆ ಬೇರೆ ಭಾವಗಳನ್ನು ಹಿಡಿದದ್ದು ಯಾವ ಸಂಯೋಜಕನಿಗಾದರೂ ಪಾಠವೇ. ಮಳೆ ಬರಿಸುವ ಧುನ್ ಕೂಡ ಅದರಲ್ಲಿದೆ. ಮೇಘಮಲ್ಹಾರದ ಕತೆ ಕೇಳಿ ಬೆಳೆದ ನಮ್ಮವರಿಗೆ ಅದರಲ್ಲಿ ಸೋಜಿಗವೇನೂ ಕಾಣುವುದಿಲ್ಲ.

ವಾದ್ಯದ ಆಯ್ಕೆ ಸ್ವರಗಳಿಗಿಂತ ಮೊದಲೇ ಜಾಗವನ್ನು ಹೇಳಿಬಿಡುತ್ತದೆ. 2012ರ ಜರ್ನಿ ಆಟದಲ್ಲಿ ಆಸ್ಟಿನ್ ವಿಂಟರಿ ಮರುಭೂಮಿಯ ಒಂಟಿ ಪಯಣಿಗನಿಗೆ ಒಂದು ಚೆಲ್ಲೋವನ್ನು ಜೊತೆ ಮಾಡಿದರು. ಗ್ರ್ಯಾಮಿಗೆ ನಾಮನಿರ್ದೇಶನಗೊಂಡ ಮೊದಲ ಪೂರ್ಣ ವಿಡಿಯೋ ಗೇಮ್ ಸಂಗೀತ ಅದು. 2013ರ ದಿ ಲಾಸ್ಟ್ ಆಫ್ ಅಸ್‌ನಲ್ಲಿ ಗುಸ್ತಾವೊ ಸಾಂತಾವೊಲಾಯಾ ಗಿಟಾರ್ ಮತ್ತು ರೊನ್ರೊಕೊ ಎಂಬ ದಕ್ಷಿಣ ಅಮೆರಿಕದ ಪುಟ್ಟ ವಾದ್ಯದ ತಂತಿಗಳ ಒಣ ದನಿಯಿಂದಲೇ ಹಾಳಾದ ನಗರಗಳನ್ನು ಕಟ್ಟಿದರು. ನಮ್ಮಲ್ಲಿ ಭಾರತೀಯ ಆಟ ಎಂದ ಕೂಡಲೇ ಸಿತಾರ್, ತಬಲಾ, ಹಿನ್ನೆಲೆಯಲ್ಲೊಂದು ಓಂಕಾರ ಕೇಳುತ್ತಾರೆ. ಹಾವೇರಿ, ಗದಗ ಸೀಮೆಯ ಎರೆಹೊಲದ ನಡುವೆ ನಡೆಯುವ ಆಟಕ್ಕೆ ಸಿತಾರ್ ಯಾಕೆ? ಇಲ್ಲಿ ಸನಾದಿ ಇದೆ, ಹಲಗಿ ಇದೆ, ಚಕ್ಕಡಿ ಗಾಲಿಯ ಗಾತ್ರದ ಜಗ್ಗಲಗಿ ಇದೆ. ಜೋಗತಿಯರ ಚೌಡಿಕೆಯ ತಂತಿಯನ್ನು ಎಳೆದು ಸಡಿಲಿಸಿದಾಗ ಸ್ವರ ಏರಿ ಜಾರುವ ಬಗೆ, ಕತ್ತಲ ಓಣಿಯಲ್ಲಿ ಯಾರೋ ಹಿಂದೆ ಬರುತ್ತಿದ್ದಾರೆಂಬ ಭಾವಕ್ಕೆ ನನಗೆ ಸಿಕ್ಕಿರುವ ಅತ್ಯುತ್ತಮ ದನಿ. ಅದನ್ನು ಅರ್ಧ ವೇಗಕ್ಕೆ ಇಳಿಸಿದರೆ ನಾನೇ ಸ್ಟುಡಿಯೋದ ದೀಪ ಹಾಕಿಕೊಳ್ಳುತ್ತೇನೆ.

ಜಾಗದ ಗುಂಗು, ಅಂದರೆ ಅಲ್ಲಿ ದನಿ ಅನುರಣಿಸುವ ಬಗೆ, ಕೂಡ ಸಂಗೀತದ ಭಾಗ. ಲಕ್ಕುಂಡಿಯ ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಯ ಮೆಟ್ಟಿಲುಗಳಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿ, ಗುಡಿಯ ಒಳಗೆ ಹೋಗಿ ಇನ್ನೊಮ್ಮೆ ತಟ್ಟಿದರೆ ಎರಡರ ವ್ಯತ್ಯಾಸ ಮಕ್ಕಳಿಗೂ ತಿಳಿಯುತ್ತದೆ. ಆಟಗಾರ ಒಳಗೆ ಕಾಲಿಟ್ಟಾಗ ಹೆಜ್ಜೆಯ ಸಪ್ಪಳಕ್ಕೆ ಗುಂಗು ಸೇರಿಸಿ ಸಂಗೀತವನ್ನು ಒಣದಾಗಿಯೇ ಬಿಟ್ಟರೆ, ಆ ಸಂಗೀತ ಗುಡಿಯ ಹೊರಗೆಲ್ಲೋ ಮೈಕಿನಲ್ಲಿ ನುಡಿದಂತೆ ಕೇಳುತ್ತದೆ. ಇನ್ನು ನಮ್ಮ ಹುಡುಗರಲ್ಲಿ ಬಹಳಷ್ಟು ಜನ ಆಡುವುದು ಫೋನಿನಲ್ಲಿ, ಬಸ್ ನಿಲ್ದಾಣದ ಗದ್ದಲದಲ್ಲಿ. ತಂಬೂರಿಯ ಖರ್ಜದ ತಂತಿ ಸುಮಾರು 70 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಅಷ್ಟು ಕೆಳಗಿನ ದನಿಯನ್ನು ಫೋನಿನ ಪುಟ್ಟ ಸ್ಪೀಕರ್ ಹೊರಡಿಸಲಾರದು. ಆದರೆ ಜವಾರಿ, ಅಂದರೆ ತಂತಿಗೆ ಝೇಂಕಾರ ಕೊಡುವ ಕುದುರೆಯ ಹದ, ಚೆನ್ನಾಗಿ ಕೂತ ತಂಬೂರಿಯಲ್ಲಿ ಮೇಲಿನ ಉಪಸ್ವರಗಳು ಸಮೃದ್ಧವಾಗಿರುವುದರಿಂದ ಕಿವಿ ಇಲ್ಲದ ಖರ್ಜವನ್ನು ತಾನೇ ಊಹಿಸಿಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ತಯಾರಿಸಿದ ನುಣುಪಾದ ತಗ್ಗು ದನಿ ಫೋನಿನಲ್ಲಿ ಮಾಯವಾಗುತ್ತದೆ, ಒರಟು ತಂಬೂರಿ ಉಳಿಯುತ್ತದೆ.

ನಾನು ಅತಿ ತಡವಾಗಿ ಕಲಿತದ್ದು ಸಾವಿನ ವಿಷಯ. ಸಾಹಸದ ಆಟದಲ್ಲಿ ಆಟಗಾರ ಮತ್ತೆ ಮತ್ತೆ ಸಾಯುತ್ತಾನೆ, ಅದೇ ಜಾಗದಿಂದ ಮತ್ತೆ ಏಳುತ್ತಾನೆ. ಪ್ರತಿ ಸಲವೂ ಸಂಗೀತವನ್ನು ಮೊದಲಿನಿಂದ ಶುರು ಮಾಡಿದರೆ ಅವನು ಕೇಳುವುದು ಮೊದಲ ಐದು ಸೆಕೆಂಡನ್ನು ಮಾತ್ರ, ಅದನ್ನೇ ಹತ್ತಾರು ಸಲ. ಆರಂಭದ ಸೊಗಸಾದ ಆಲಾಪವೇ ಅವನಿಗೆ ಸೋಲಿನ ಗುರುತಾಗುತ್ತದೆ. ಈಗ ನಾನು ಸಂಗೀತವನ್ನು ನಿಲ್ಲಿಸುವುದೇ ಇಲ್ಲ. ಅವನು ಬಿದ್ದಾಗ ಮೇಲಿನ ಸ್ವರಗಳೆಲ್ಲ ಮುಚ್ಚಿಕೊಂಡು, ನೀರಿನಡಿಯಿಂದ ಕೇಳಿದಂತೆ ತಂಬೂರಿ ಮಾತ್ರ ಉಳಿಯುತ್ತದೆ. ಎದ್ದಾಗ ರಾಗ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಹೀಗೆ ಬದಲಾಯಿಸಿದ ಮೇಲೆ ಅಕ್ಕನ ಮಗ ಒಂದೇ ಸೇತುವೆಯ ಮೇಲೆ ಹನ್ನೊಂದು ಸಲ ಸತ್ತ, ಹನ್ನೆರಡನೆಯ ಸಲ ದಾಟಿದ, ಮತ್ತು ಸಂಗೀತದ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ.