ಪರೀಕ್ಷಾ ಕೊಠಡಿಯ ಗೋಡೆಗೆ ಸ್ಮಾರ್ಟ್ ಫಲಕ

ಪರೀಕ್ಷೆಯಲ್ಲಿ ಫೋನು, ಬ್ಲೂಟೂತ್ ಹಿಡಿದು ನಕಲು ಮಾಡುವುದನ್ನು ತಡೆಯಲು, ಮೊಬೈಲ್ ಸಿಗ್ನಲ್ ಕೆಡಿಸುವ ಯಂತ್ರವಾದ ಜಾಮರ್ ಬದಲು ಗೋಡೆಗೊಂದು ಸ್ಮಾರ್ಟ್ ಫಲಕ ಹಾಕಿದರೆ ಆಗದೇ ಎಂದು ಕಾಲೇಜಿನವರು ಕೇಳುವುದುಂಟು. ಕೇಳುವುದರಲ್ಲಿ ತಪ್ಪಿಲ್ಲ. ಜಾಮರ್ ಇಟ್ಟರೆ ಪಕ್ಕದ ಮನೆಯವರ ಫೋನೂ ಸತ್ತುಹೋಗುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಇಡುವಂತೆಯೂ ಇಲ್ಲ. ಫಲಕ ತಾನಾಗಿ ಏನನ್ನೂ ಹೊರಡಿಸುವುದಿಲ್ಲ. ಮೈಮೇಲೆ ಬಿದ್ದ ಅಲೆಯನ್ನೇ ತಿರುಗಿಸಿ, ಟವರಿನಿಂದ ನೇರ ಬಂದ ಅಲೆಗೆ ಉಲ್ಟಾ ಕೂಡಿಸುತ್ತದೆ. ಎರಡೂ ಒಂದನ್ನೊಂದು ನುಂಗುತ್ತವೆ. ಹಾಗಿದ್ದರೂ ಬೇರೆಯವರ ಸಂಪರ್ಕವನ್ನು ಬೇಕೆಂದೇ ಕೆಡಿಸುವ ಕೆಲಸವಾದ್ದರಿಂದ ಇದಕ್ಕೂ ಮೊದಲು ಅನುಮತಿ ಕೇಳುವುದೇ ಸರಿ.

5ಜಿಯ 3.5 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 8.6 ಸೆಂ.ಮೀ. ಅದರ ಅರ್ಧ, ಅಂದರೆ 4.3 ಸೆಂ.ಮೀ.ಗೆ ಒಂದರಂತೆ ತಾಮ್ರದ ತುಂಡುಗಳನ್ನು ಬೋರ್ಡಿನ ಮೇಲೆ 16 ಅಡ್ಡಸಾಲು, 16 ಕಂಬಸಾಲಾಗಿ ಕೂರಿಸಿದರೆ 256 ಆಗುತ್ತವೆ. ಬೋರ್ಡಿನ ಒಂದು ಬದಿ 69 ಸೆಂ.ಮೀ. ಪ್ರತಿ ತುಂಡಿಗೂ ಸ್ವಿಚ್ಚಿನಂತೆ ಕೆಲಸ ಮಾಡುವ ಒಂದು ಪಿನ್ ಡಯೋಡ್. ಅದನ್ನು ಆನ್ ಅಥವಾ ಆಫ್ ಮಾಡಿದಾಗ ತಿರುಗುವ ಅಲೆ 180 ಡಿಗ್ರಿ ಬದಲಾಗುತ್ತದೆ, ಅಂದರೆ ಉಬ್ಬು ಇದ್ದಲ್ಲಿ ತಗ್ಗು ಬರುತ್ತದೆ. ಹದ ಮಾಡುವ ಕ್ರಮ ಸರಳ: ಸಿಗ್ನಲ್ ಕೆಡಬೇಕಾದ ಜಾಗದಲ್ಲೇ ಅಳತೆಯ ರಿಸೀವರ್ ಇಟ್ಟು ಒಂದೊಂದೇ ಕಂಬಸಾಲಿನ ಡಯೋಡ್‌ಗಳನ್ನು ಬದಲಿಸಿ. ಸಿಗ್ನಲ್ ಇಳಿದರೆ ಹಾಗೇ ಬಿಡಿ, ಏರಿದರೆ ವಾಪಸು ತಿರುಗಿಸಿ. ಆಮೇಲೆ ಒಂದೊಂದೇ ತುಂಡು. ಎರಡು ಮೂರು ಸುತ್ತು ಬೇಕು.

ತೊಂದರೆ ಶುರುವಾಗುವುದು ಇಲ್ಲಿಂದ. ತಿರುಗಿದ ಅಲೆಯ ಎತ್ತರ ನೇರ ಅಲೆಯ ಅರ್ಧದಷ್ಟೇ ಇದ್ದರೆ, ಏನೇ ಮಾಡಿದರೂ ಸಿಗ್ನಲ್ 6 ಡೆಸಿಬೆಲ್‌ಗಿಂತ, ಅಂದರೆ ಶಕ್ತಿಯ ಕಾಲು ಭಾಗಕ್ಕಿಂತ ಕೆಳಗೆ ಇಳಿಯದು. ದೂರವಾದಷ್ಟೂ ತಿರುಗಿದ ಅಲೆ ಬಡವಾಗುತ್ತದೆ, ಅದಕ್ಕೇ ಫಲಕವನ್ನು ದೂರದ ಗೋಡೆಗೆ ಹಾಕಬಾರದು. ಎತ್ತರ ಸರಿಸಮವಾಗಿದ್ದೂ ಉಲ್ಟಾ ಕೂಡುವುದರಲ್ಲಿ 10 ಡಿಗ್ರಿ ತಪ್ಪಿದರೆ ಇಳಿತ 15 ಡೆಸಿಬೆಲ್‌ಗೆ ನಿಲ್ಲುತ್ತದೆ. ಈ 10 ಡಿಗ್ರಿ ಎಂದರೆ ಎರಡು ದಾರಿಗಳ ಉದ್ದದಲ್ಲಿ ಬರೀ 2.4 ಮಿ.ಮೀ. ವ್ಯತ್ಯಾಸ. ಹುಡುಗ ಬೆಂಚಿನ ಮೇಲೆ ಒಂಚೂರು ಸರಿದು ಕೂತರೆ ಮುಗಿಯಿತು.

ಮಲೆನಾಡಿನಲ್ಲಿ ಇನ್ನೊಂದು ಕಾಟ, ಮಳೆ. ಸುರಿಯುವ ಹನಿ ಈ ಅಲೆಯನ್ನು ಹೆಚ್ಚೇನೂ ತಡೆಯದು. ಬೋರ್ಡಿಗೆ ಅಂಟಿದ ನೀರಿನ ತೆಳು ಪದರವೇ ತುಂಡುಗಳ ಶ್ರುತಿ ಕೆಡಿಸುವುದು. ಆಗುಂಬೆ, ಹೊಸನಗರದ ಕಡೆ ಹೊರಗೋಡೆಗೆ ಹಾಕುವುದಾದರೆ ಅಡಿಕೆ ಗೊನೆಗೆ ಕೊಟ್ಟೆ ಕಟ್ಟಿದ ಹಾಗೆ ಇದಕ್ಕೂ ಪ್ಲಾಸ್ಟಿಕ್ ಹೊದಿಕೆ ಬೇಕು, ಬೋರ್ಡಿಗೆ ತಾಗದಂತೆ. ಹೊದಿಕೆ ಹಾಕಿದ ಮೇಲೆಯೇ ಹದ ಮಾಡಿ. ಮೊದಲು ಮಾಡಿದ್ದು ಲೆಕ್ಕಕ್ಕಿಲ್ಲ.

ಕಿವಿಯೊಳಗಿನ ಬ್ಲೂಟೂತ್‌ಗೆ ಇದು ನಾಟುವುದಿಲ್ಲ. ಜೇಬಿನ ಫೋನಿಗೂ ಕಿವಿಗೂ ಇರುವುದು ಅರ್ಧ ಮೀಟರ್. 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1,600 ಸಲ ಜಿಗಿಯುವ ಸಿಗ್ನಲ್ ಅದು. ಟವರಿನ ದಾರಿ ಕಟ್ಟೋಣವೆಂದರೆ, 3.5 ಗಿಗಾಹರ್ಟ್ಸ್ ಮುಚ್ಚಿದೊಡನೆ ಫೋನು ಈ ಫಲಕ ಹದವಾಗಿರದ 1,800 ಅಥವಾ 900 ಮೆಗಾಹರ್ಟ್ಸ್‌ಗೆ ಇಳಿಯುತ್ತದೆ. ಹಾಗಾಗಿ ಪರೀಕ್ಷೆಗೆ ಬಾಗಿಲಲ್ಲಿ ನಿಂತು ಜೇಬು, ಕಿವಿ ನೋಡುವ ತಪಾಸಣೆಯೇ ಈಗಲೂ ಮೇಲು. ಫಲಕದ ಖರ್ಚು ಸಾರ್ಥಕವಾಗುವುದು ಕಳ್ಳ ರಿಸೀವರ್ ಕದಲದೆ ಒಂದೇ ಕಡೆ, ಒಂದೇ ಬ್ಯಾಂಡಿನಲ್ಲಿ ಕೂತಿದ್ದಾಗ.